ಬೈಗುಳದ ದರಪಟ್ಟಿ

ಕೂಲಿಯವನ ಬಾಯಿಗೆ ಒಂದು ಶಿಲ್ಲಿಂಗು.
ನಾವಿಕನಿಗೂ ಅಷ್ಟೇ, ಸಿಪಾಯಿಗೂ ಅಷ್ಟೇ.
ದರ್ಜಿ, ದಿನಸಿಯವ, ನನ್ನಂಥ ಗುಮಾಸ್ತ,
ಅತ್ತ ಧಣಿಯಲ್ಲ, ಇತ್ತ ಆಳಲ್ಲ,
ನಮಗೆ ಎರಡು.
ದೊಡ್ಡ ಮನೆತನದ ನಾಲಿಗೆಗೆ ಐದು.
ದೇವರ ಹೆಸರು ಒಂದೇ,
ಅದನ್ನು ಮೈಲಿಗೆ ಮಾಡುವ ದರ ಮಾತ್ರ ಮೂರು.

ಬಲ್ಲೆ, ಏಕೆಂದರೆ ಬರೆಯುವವನು ನಾನು,
ಆಂಬ್ರೋಸ್ ಥ್ರೆಲ್ಕೆಲ್ಡ್,
ವಿಟ್ಬಿಯ ನ್ಯಾಯಾಧೀಶರ ಎಡಗಡೆಯ ಮೇಜು.
ಹೆಬ್ಬಾತಿನ ಗರಿ ಅದ್ದಿ
ಯಾರು, ಎಲ್ಲಿ, ಎಷ್ಟು ಸಲ, ಯಾವ ಮಾತು
ಅಕ್ಷರ ಬಿಡದೆ ಇಳಿಸಬೇಕು.
ಅವರ ಬಾಯಲ್ಲಿ ಪಾಪವಾದದ್ದು
ನನ್ನ ಗರಿಯ ತುದಿಯಲ್ಲಿ ಕಸುಬು.
ಪ್ರಕರಣಕ್ಕೊಂದು ಶಿಲ್ಲಿಂಗು ಗುಮಾಸ್ತನ ಪಾಲು;
ಹೋದ ಚಳಿಗಾಲ ನನ್ನ ಮನೆಯ ಒಲೆಯಲ್ಲಿ
ಉರಿದದ್ದೆಲ್ಲ ಬಂದರಿನ ಬೈಗುಳ.

ಊರನ್ನು ತಿದ್ದಲು ಸಂಘ ಕಟ್ಟಿದ್ದರು:
ಒಬ್ಬ ಮೇಣದ ಬತ್ತಿಯ ವ್ಯಾಪಾರಿ, ಇಬ್ಬರು ಹಡಗಿನ ಒಡೆಯರು,
ತುಟಿ ಬಿಗಿದ ಒಬ್ಬ ವಿಧವೆ.
ಕೆಟ್ಟವರಲ್ಲ. ಜಿನ್ನಿಗೆ ಬಿದ್ದ ಗಂಡಂದಿರನ್ನು
ಚರಂಡಿಯಿಂದ ಎತ್ತಿ ಮನೆ ಸೇರಿಸಿದವರು.
ಅವರ ಕಿವಿಯಾಗಿ ಈನಕ್ ಡೌಸ್
ಮೀನುಕಟ್ಟೆಯಲ್ಲಿ ದಿನವಿಡೀ ನಿಲ್ಲುತ್ತಿದ್ದ,
ಕೊಳ್ಳದೆ, ಮಾರದೆ, ಬರೀ ಕೇಳುತ್ತ.

ಅವನೇ ತಂದ ಟಾಮ್ಸಿನ್ ಕ್ರ್ಯಾಗ್ಸಳನ್ನು.
ಹೆರಿಂಗ್ ಸೀಳುವ ಹೆಂಗಸು, ತೋಳಿಗೆಲ್ಲ ಪೊರೆ.
ಆ ಬೆಳಿಗ್ಗೆ ನೌಕಾಪಡೆಯವರು ಅವಳ ಮಗನನ್ನು
ಊಟದ ತಟ್ಟೆಯಿಂದ ಎಬ್ಬಿಸಿ
ಕೊರಳಪಟ್ಟಿ ಹಿಡಿದು ದೋಣಿಗೆ ಎಳೆದೊಯ್ದರು,
ಯಾವುದೋ ರಾಜನ ಮೇಲೆ ಯಾವುದೋ ಯುದ್ಧಕ್ಕೆ.
ಅದು ಕಾನೂನು; ಅದನ್ನು ಬರೆಯಲು ನನಗೆ ಹಾಳೆ ಕೊಟ್ಟಿರಲಿಲ್ಲ.
ಅವಳು ಕಟ್ಟೆಯ ತುದಿಗೆ ಓಡಿ
ನೀರಿಗೆ ಕೇಳುವಂತೆ ಕೂಗಿದ್ದು ನಾಲ್ಕು ಸಲ.
ನಾಲ್ಕು ಶಿಲ್ಲಿಂಗು.

"ಇದೆಯೇನಮ್ಮ?" ಎಂದರು ನ್ಯಾಯಾಧೀಶರು.
ಅವಳು ಲಂಗದ ಜೇಬು ಹೊರಗೆಳೆದು ತೋರಿಸಿದಳು:
ಎರಡು ಪೆನ್ನಿ, ಒಂದು ಗಾಳದ ಕೊಕ್ಕೆ.
"ದಂಡದ ಹಣ ಯಾರಿಗೆ ಹೋಗುತ್ತೆ?" ಕೇಳಿದಳು.
ಪ್ಯಾರಿಷಿನ ಬಡವರಿಗೆ ಎಂದೆ.
ಅವಳು ನಕ್ಕಳು. ನಗುವಿಗೆ ದರವಿಲ್ಲ,
ಪಟ್ಟಿ ಎರಡು ಸಲ ನೋಡಿದೆ.

ಅಷ್ಟರಲ್ಲಿ ನ್ಯಾಯಾಧೀಶರು ಏಳಲು ಹೋಗಿ
ವಾತದ ಕಾಲು ಮೇಜಿಗೆ ತಾಗಿ
ದೇವರನ್ನೂ ಅವನ ಗಾಯಗಳನ್ನೂ ಹಿಡಿದು
ಒಂದು ಬಿಟ್ಟರು ನೋಡಿ,
ಕಿಟಕಿಯ ಮೇಲಿನ ಕಡಲಹಕ್ಕಿ ಹಾರಿಹೋಯಿತು.
ಐದು ಶಿಲ್ಲಿಂಗು.
ಈನಕ್ ತನ್ನ ಬೂಟು ನೋಡಿಕೊಂಡ.
ನನ್ನ ಗರಿಯಲ್ಲಿ ಶಾಯಿ ತುಂಬಿತ್ತು.
ಒಂದು ಹನಿ ಬಿತ್ತು ಹಾಳೆಗೆ, ದುಂಡಗೆ;
ಅದರ ಮೇಲೆ ಮರಳು ಉದುರಿಸಿದೆ.

ಹತ್ತು ದಿನ ಅವಳಿಗೆ ಸುಧಾರಣಾಗೃಹ.
ಅಲ್ಲಿ ಕೆಲಸ ಸೆಣಬು ಬಡಿಯುವುದು,
ಮರದ ಕೊಡತಿಯಲ್ಲಿ, ನಾರು ಬಿಡುವ ತನಕ.
ಆ ನಾರು ಹಗ್ಗವಾಗುತ್ತದೆ,
ಹಗ್ಗ ಯುದ್ಧದ ಹಡಗು ಸೇರುತ್ತದೆ.
ಇದನ್ನು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ,
ಬಂದರಿನಲ್ಲಿ ಹುಟ್ಟಿದವಳು.

ಆ ರಾತ್ರಿ ನಾನು ಬತ್ತಿ ಊದಿ
ಕತ್ತಲೆಗೆ ಒಂದು ಮಾತು ಹೇಳಿದೆ.
"ಏನಂದಿರಿ?" ಎಂದಳು ಹೆಂಡತಿ.
ಎರಡು ಶಿಲ್ಲಿಂಗಿನದು, ಹೇಳಲಿಲ್ಲ.
"ಏನಿಲ್ಲ. ಕಲ್ಲಿದ್ದಲು ಮುಗಿಯುತ್ತ ಬಂತು."

ವರ್ಷಕ್ಕೆ ನಾಲ್ಕು ಭಾನುವಾರ
ಪಾದ್ರಿಗಳು ಈ ಕಾಯಿದೆಯನ್ನು ಇಗರ್ಜಿಯಲ್ಲಿ ಓದಬೇಕು.
ಮೈಕೆಲ್ಮಸ್ ಕಳೆದ ಮೇಲಿನ ಓದಿಗೆ
ಟಾಮ್ಸಿನ್ ನನ್ನ ಮುಂದಿನ ಬೆಂಚಿನ ತುದಿಯಲ್ಲಿ ಕೂತಿದ್ದಳು,
ಅಂಗೈಗೆ ಬಟ್ಟೆ ಸುತ್ತಿ.
ಪಾದ್ರಿಗಳು ಓದಿದರು: ಕೂಲಿಯವರು ಒಂದು, ಧಣಿಗಳು ಐದು.
ಅವಳ ತುಟಿ ಅಲುಗುತ್ತಿತ್ತು.
ಪ್ರಾರ್ಥನೆಯೆಂದು ಪಕ್ಕದವಳು
ತನ್ನ ಕಡೆಯ ಮೆತ್ತೆಯನ್ನು ಅವಳ ಮೊಣಕಾಲಿಗೆ ಸರಿಸಿದಳು.

ನನಗೆ ತುಟಿ ಓದುವುದು ಗೊತ್ತು, ಕಸುಬಿನ ದೋಷ.
ಮೊದಲು ನೌಕಾಪಡೆ, ಆಮೇಲೆ ರಾಜ,
ಆಮೇಲೆ ಸಂಘದವರು ಹೆಸರು ಹೆಸರಾಗಿ,
ಆಮೇಲೆ ನಾನು.
ಹನ್ನೊಂದರ ತನಕ ಎಣಿಸಿದೆ.
ಆಮೇಲೆ ಎಣಿಸಲಿಲ್ಲ.